ತತ್ತಿ ಸಾಲು, ಬಾಳೆಹಣ್ಣಿನ ಸಾಲು

ನಮ್ಮದು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕು, ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿಕೊಂಡಿರುವ ಊರು. ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮಗ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದುತ್ತಾನೆ. ಅದರಿಂದಲೇ ನಾನು ಎಸ್‌ಡಿಎಂಸಿಗೆ, ಅಂದರೆ ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿಗೆ ಬಂದೆ, 2021ರಿಂದ ಮೂರು ವರ್ಷ ಅಧ್ಯಕ್ಷೆಯಾಗಿದ್ದೆ.

ಲಿಂಗಾಯತರು, ಕುರುಬರು, ಲಂಬಾಣಿಗರು, ಮುಸ್ಲಿಮರು, ಎಲ್ಲರ ಮಕ್ಕಳೂ ಈ ಶಾಲೆಗೆ ಬರುತ್ತಿದ್ದರು. ಆದರೆ ವರ್ಷದಿಂದ ವರ್ಷಕ್ಕೆ ಹಾಜರಿ ಪುಸ್ತಕ ತೆಳ್ಳಗಾಗುತ್ತಿತ್ತು. ಕೆಲವರು ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸಿದರು, ಕೆಲವರು ಉರ್ದು ಶಾಲೆಗೆ ಹಾಕಿದರು. ಉರ್ದು ಶಾಲೆಯನ್ನು ನಾನು ದೂರುವುದಿಲ್ಲ, ಅದೂ ಸರ್ಕಾರದ್ದೇ. ಆದರೆ ಶಿಶುನಾಳದ ಷರೀಫರ ಜಾತ್ರೆಗೆ ಒಟ್ಟಿಗೆ ಹೋಗುವ ನಾವು ಮಕ್ಕಳನ್ನು ಮಾತ್ರ ಬೇರೆ ಬೇರೆ ಕೂರಿಸುತ್ತೇವಲ್ಲ, ಅದು ನನ್ನನ್ನು ಚುಚ್ಚುತ್ತಿತ್ತು.

ಮೊದಲ ತಪ್ಪು ನನ್ನದೇ. ಪಾಲಕರ ಸಭೆಯನ್ನು ಶುಕ್ರವಾರ ಮಧ್ಯಾಹ್ನ ಕರೆಯುತ್ತಿದ್ದೆ. ಮುಸ್ಲಿಂ ಪಾಲಕರು ಬರುತ್ತಿರಲಿಲ್ಲ. ಇವರಿಗೆ ಶಾಲೆ ಬೇಕಾಗಿಲ್ಲ ಅಂದುಕೊಂಡೆ. ಒಂದು ದಿನ ಗೋಧಿ ಬೀಸಿಸಲು ಬಂದ ತಾಯಿ ಹೇಳಿದಳು: "ಅಕ್ಕಾರ, ಶುಕ್ರವಾರ ನಮ್ಮವರು ನಮಾಜಿಗೆ ಹೋಗಿರ್ತಾರ. ಅಷ್ಟು ಗಂಡಸರ ನಡುವ ನಾ ಒಬ್ಬಾಕಿ ಹ್ಯಾಂಗ ಬರ್ಲಿ?" ಸಭೆಯನ್ನು ಶನಿವಾರಕ್ಕೆ ಹಾಕಿದೆವು, ಅರ್ಧ ದಿನದ ಶಾಲೆ ಬಿಟ್ಟ ಮೇಲೆ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಮ್ಮಲ್ಲಿ ಹೆಸರು ಹೆಂಗಸರದು, ಬರುವವರು ಅವರ ಗಂಡಂದಿರು. ಅದನ್ನೂ ನಿಲ್ಲಿಸಿದೆವು. ಆ ತಾಯಿಯೇ ಮುಂದೆ ಉಪಾಧ್ಯಕ್ಷೆಯಾದಳು.

ಅವಳ ಬಾಯಿಂದಲೇ ಇನ್ನೊಂದು ವಿಷಯ ಗೊತ್ತಾಯಿತು. ಅವರ ಮನೆಮಾತು ಬೇರೆ. ಒಂದನೇ ಇಯತ್ತೆಗೆ ಬಂದ ಮಗುವಿಗೆ ಟೀಚರ್ ಹೇಳುವುದು ತಿಳಿಯುವುದಿಲ್ಲ, ಅಳುತ್ತದೆ, ಮನೆಗೆ ಓಡುತ್ತದೆ. ಸಣ್ಣ ತರಗತಿಗಳಿಗೆ ಆಟ, ಹಾಡಿನ ಮೂಲಕ ಕಲಿಸುವ ನಲಿ-ಕಲಿ ಟೀಚರ್ ಒಂದು ಉಪಾಯ ಮಾಡಿದರು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನೀರು–ಪಾನಿ, ಬೆಕ್ಕು–ಬಿಲ್ಲಿ, ಹಾಲು–ದೂಧ್ ಅಂತ ಕನ್ನಡ ಅಕ್ಷರದಲ್ಲೇ ಬರೆದರು. ಲಂಬಾಣಿ ತಾಂಡಾದ ಹುಡುಗಿಯೊಬ್ಬಳು ಎದ್ದು ನಿಂತು "ನಮ್ಮನ್ಯಾಗ ಪಾಣಿ ಅಂತೀವ್ರಿ" ಅಂದಳಂತೆ. ಅದನ್ನೂ ಪಕ್ಕದಲ್ಲಿ ಬರೆದರು. "ನನ್ನ ಮೊಮ್ಮಗ ಬೆಕ್ಕಿಗೆ ಬಿಲ್ಲಿ ಅಂತಾನ" ಅಂತ ಅಜ್ಜನೊಬ್ಬ ಜಗಳಕ್ಕೇ ಬಂದ. ಒಂದು ದಿನ ತರಗತಿಯಲ್ಲಿ ಕೂತು ನೋಡ್ರಿ ಅಂದೆ. ಕೂತ. ಆಮೇಲೆ ಆ ಮಾತು ಎತ್ತಲಿಲ್ಲ.

2022ರ ಫೆಬ್ರುವರಿ ಬಹಳ ಕಷ್ಟದ ತಿಂಗಳು. ಹಿಜಾಬ್, ಕೇಸರಿ ಶಾಲಿನ ಗಲಾಟೆಯಲ್ಲಿ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟರು. ನಮ್ಮದು ಪ್ರಾಥಮಿಕ ಶಾಲೆ, ರಜೆ ಇರಲಿಲ್ಲ. ಆದರೂ ಮಕ್ಕಳು ಬರುವುದು ನಿಂತಿತು. ಉಪಾಧ್ಯಕ್ಷೆಯೂ ನಾನೂ ಒಂದು ವಾರ ಬೆಳಗ್ಗೆ, ಸಂಜೆ ಗೇಟಿನಲ್ಲಿ ನಿಂತೆವು. ಭಾಷಣ ಏನೂ ಮಾಡಲಿಲ್ಲ. ಸುಮ್ನೆ ನಿಂತೆವು, ಬಂದ ಮಕ್ಕಳನ್ನು ಹೆಸರು ಹಿಡಿದು ಕರೆದೆವು. ಸೋಮವಾರದ ಹೊತ್ತಿಗೆ ಎಲ್ಲರೂ ಬಂದರು.

ಅದೇ ವರ್ಷ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು. ತತ್ತಿ ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ನಾನೊಂದು ಮಧ್ಯಾಹ್ನ ಹೋಗಿ ನೋಡಿದರೆ ತತ್ತಿಯವರದು ಒಂದು ಸಾಲು, ಬಾಳೆಹಣ್ಣಿನವರದು ಇನ್ನೊಂದು. ಅಡುಗೆಯವರು ಬಡಿಸಲು ಸುಲಭ ಅಂತ ಹಾಗೆ ಕೂರಿಸಿದ್ದರು, ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಒಂದೇ ಬೆಂಚಿನ ಗೆಳೆಯರಾದ ನನ್ನ ಮಗ ಮತ್ತು ಟೇಲರ್ ಮಗ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಅನ್ನುವುದರ ಮೇಲೆ ಮಕ್ಕಳನ್ನು ಬೇರೆ ಮಾಡಬಾರದು ಅಲ್ವಾ? ಮರುದಿನ ನಾನೇ ಬಾಳೆಹಣ್ಣಿನ ಬುಟ್ಟಿ ಹಿಡಿದೆ, ಅಡುಗೆಯಾಕೆ ತತ್ತಿಯ ಬುಟ್ಟಿ ಹಿಡಿದಳು. ಮಕ್ಕಳು ತರಗತಿ ಪ್ರಕಾರ ಕೂತರು, ನಾವಿಬ್ಬರೂ ಸಾಲಿನ ಮುಂದೆ ನಡೆದೆವು. ಐದು ನಿಮಿಷ ಜಾಸ್ತಿ ಹಿಡಿಯಿತು, ಅಷ್ಟೇ. ಊಟ ಮುಗಿದಾಗ ಟೇಲರ್ ಮಗ ತನ್ನ ತತ್ತಿ ಸಿಪ್ಪೆ, ನನ್ನ ಮಗನ ಬಾಳೆ ಸಿಪ್ಪೆ ಎರಡನ್ನೂ ಒಂದೇ ತಟ್ಟೆಗೆ ಹಾಕಿಕೊಂಡು ಹೋಗಿ ಚೆಲ್ಲಿ ಬಂದ.

ಹುಬ್ಬಳ್ಳಿ, ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡುತ್ತೇವೆ ಅಂತ ಫೋನ್ ಮಾಡುತ್ತಾರೆ. ಹೆಚ್ಚಾಗಿ ಬಣ್ಣ, ತಟ್ಟೆ, ಬ್ಯಾಗು. ನಾನು ಕೇಳಿದ್ದು ಬೇರೆ. ಮುಸ್ಲಿಂ ಓಣಿ, ತಾಂಡಾ ಎರಡೂ ಹೆದ್ದಾರಿಯ ಆಚೆ. ಸಣ್ಣ ಮಕ್ಕಳು ಲಾರಿಗಳ ನಡುವೆ ದಾಟಬೇಕು, ಅದಕ್ಕೇ ಎಷ್ಟೋ ತಾಯಂದಿರು ಕಳಿಸುತ್ತಿರಲಿಲ್ಲ. ಮಕ್ಕಳನ್ನು ಕರೆತರಲು ಒಬ್ಬ ಹೆಂಗಸನ್ನು ನೇಮಿಸಿ ತಿಂಗಳಿಗೆ 3,000 ರೂಪಾಯಿ ಕೊಡ್ರಿ ಅಂದೆ. ಆರು ಮಂದಿ ಒಪ್ಪಿದರು. ಈಗ ತಾಂಡಾದ ಅಜ್ಜಿಯೊಬ್ಬಳು ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ಮುಂದೆ ಬರುತ್ತಾಳೆ, ಹಿಂದೆ ಮಕ್ಕಳ ಸಾಲು. ಕಳೆದ ಜೂನ್‌ನಲ್ಲಿ ಉರ್ದು ಶಾಲೆಯಿಂದ ನಾಲ್ಕು, ವ್ಯಾನಿನಿಂದ ಎರಡು ಮಕ್ಕಳು ಆ ಸಾಲಿಗೆ ಸೇರಿದರು.