ಸೇಡಂನ ಖಾನಾವಳಿ ಲೆಕ್ಕ, ನನ್ನ ದಿನಭತ್ಯೆ

ನಾನು ಪೀಣ್ಯದ ಒಂದು ಕಂಪನಿಯಲ್ಲಿ ಮೆಷಿನ್ ಕೂರಿಸುವ ಎಂಜಿನಿಯರ್. ವರ್ಷಕ್ಕೆ ನಾಲ್ಕು ತಿಂಗಳು ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಲ್ಲೇ ಕಳೆಯುತ್ತೇನೆ. 2022-23ರಲ್ಲಿ ತಿಂಗಳಿಗೆ 7,000 ರೂಪಾಯಿ ‘ಸೈಟ್ ಅಲೋವೆನ್ಸ್’ ಬರುತ್ತಿತ್ತು. ಬೆಂಗಳೂರಲ್ಲಿ ಕೂತಿದ್ದ ತಿಂಗಳೂ ಬರುತ್ತಿತ್ತು. ಖುಷಿಯಾಗಿದ್ದೆ. ಸಂಬಳ, ಮುರಿದ ತೆರಿಗೆಯ ಲೆಕ್ಕ ತೋರಿಸಿ ಕಂಪನಿ ಕೊಡುವ ಫಾರ್ಮ್ 16 ಕೈಗೆ ಬಂದಾಗ ನೋಡಿದರೆ ಪೂರ್ತಿ 84,000ಕ್ಕೂ ತೆರಿಗೆ ಮುರಿದಿದ್ದರು.

ಆಡಿಟರ್ ಹತ್ತಿರ ಗೊಣಗಿದೆ. ಅವರು ನಕ್ಕರು. “ಮನೇಲಿದ್ದಾಗಲೂ ಬಂದಿದೆಯಲ್ಲ ಸಾರ್, ಅದು ಸಂಬಳಾನೇ.”

ವಿಷಯ ಇಷ್ಟೇ. ಆಗ ಇದ್ದ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(14), ಅದರ ಜೊತೆಗಿನ ನಿಯಮ 2ಬಿಬಿ ಪ್ರಕಾರ, ಟೂರ್ ಮೇಲೆ ಮಾಮೂಲಿ ಕೆಲಸದ ಜಾಗ ಬಿಟ್ಟು ಇರುವಾಗಿನ ದಿನದ ಖರ್ಚಿಗೆ ಕೊಟ್ಟ ಭತ್ಯೆಗೆ ತೆರಿಗೆ ಇಲ್ಲ. ಅದೂ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿ ಮನೆಬಾಡಿಗೆ ಭತ್ಯೆಯ ವಿನಾಯಿತಿ ಹೋಯಿತು, ಆದರೆ ಇದು ಉಳಿದಿದೆ. ನಮ್ಮಲ್ಲಿ ಇದಕ್ಕೆ ಡಿಎ, ಅಂದರೆ ಡೈಲಿ ಅಲೋವೆನ್ಸ್, ಅಂತಾರೆ. ಸರ್ಕಾರಿ ನೌಕರರ ಡಿಎ ಬೇರೆ, ಅದು ತುಟ್ಟಿಭತ್ಯೆ, ಅದಕ್ಕೆ ತೆರಿಗೆ ಇದ್ದೇ ಇದೆ.

ಮುಂದಿನ ವರ್ಷ ಅಕೌಂಟ್ಸ್‌ನವರ ಬೆನ್ನು ಹತ್ತಿದೆ. ತಿಂಗಳ ಭತ್ಯೆ ನಿಲ್ಲಿಸಿ, ಸೈಟಲ್ಲಿದ್ದ ದಿನಕ್ಕೆ 700ರಂತೆ ಕೊಡಿ ಅಂದೆ. 120 ದಿನಕ್ಕೆ ಅದೇ 84,000. ಕಂಪನಿಗೆ ಒಂದು ಪೈಸೆ ಜಾಸ್ತಿ ಇಲ್ಲ. ಒಪ್ಪಿದರು. ಪ್ರತಿ ಸಲ ಹೊರಡುವಾಗ ಟೂರ್ ಲೆಟರ್ ಕೇಳಿ ಪಡೆದೆ.

ಕಷ್ಟ ಆಗಿದ್ದು ಬಿಲ್‌ಗಳಲ್ಲಿ. ಲಾಡ್ಜಿನವರು ಕೊಟ್ಟರು. ಖಾನಾವಳಿಯಲ್ಲಿ ಬಿಲ್ ಎಲ್ಲಿಂದ ಬರಬೇಕು? ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಗೀಟು, ಅದೇ ಅವರ ಲೆಜರ್. ಬಿಲ್ ಅಂದರೆ ಆಯಮ್ಮ “ರೊಟ್ಟಿಗೆಲ್ಲ ಯಾವ ಬಿಲ್ರೀ” ಅಂದರು. ಹಾಗಾಗಿ ನಗದು ಕೊಡೋದು ಬಿಟ್ಟೆ. ಊಟ, ಆಟೋ, ಇಸ್ತ್ರಿ, ಎಲ್ಲಾ ಫೋನ್‌ಪೇಯಲ್ಲೇ. ರಾತ್ರಿ ಮಲಗೋ ಮುಂಚೆ ಡೈರಿಯಲ್ಲಿ ಒಂದು ಸಾಲು: ತಾರೀಖು, ಯಾತಕ್ಕೆ, ಎಷ್ಟು. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ ಆಫೀಸಿಗೆ ಕಳಿಸುತ್ತಿದ್ದೆ.

ವರ್ಷದ ಕೊನೆಗೆ ಖರ್ಚು 71,300 ಆಗಿತ್ತು. ಉಳಿದ 12,700 ಸಂಬಳಕ್ಕೆ ಸೇರಿತು. ಅದನ್ನೂ ಖರ್ಚಲ್ಲಿ ತೋರಿಸಿಬಿಡು ಅಂತ ಜೊತೆಯವನೊಬ್ಬ ಹೇಳಿದ್ದ. ಇಲ್ಲದ ಊಟಕ್ಕೆ ಲೆಕ್ಕ ಬರೆಯೋಕೆ ಮನಸ್ಸು ಬರಲಿಲ್ಲ. ನನ್ನದು 20% ಸ್ಲ್ಯಾಬ್. ಸೆಸ್ ಸೇರಿ ಸುಮಾರು 14,830 ರೂಪಾಯಿ ತೆರಿಗೆ ಉಳಿಯಿತು. ರಿಟರ್ನ್ ತುಂಬುವಾಗ ವಿನಾಯಿತಿ ಭತ್ಯೆಗಳ ಪಟ್ಟಿಯಲ್ಲಿ 10(14) ಆರಿಸಿ ಖರ್ಚಾದ 71,300 ಹಾಕಿದೆ, ಫಾರ್ಮ್ 16ರ ಜೊತೆ ಸರಿಹೊಂದಿತು.

2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಯಾಗಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಈ ಹಳೇ ನಂಬರ್ ಹಿಡಿದು ಹುಡುಕಬೇಡಿ.

ಈಗ ನನಗೆ ಸೇಡಂಗೇ ವರ್ಗ ಆಗುವ ಮಾತು ನಡೆದಿದೆ. ಹಾಗಾದರೆ ಅದೇ ನನ್ನ ಮಾಮೂಲಿ ಜಾಗ, ದಿನದ ಊಟ ನನ್ನ ಜೇಬಿನದು. ಸಾಮಾನು ಸಾಗಿಸೋಕೆ ಕಂಪನಿ ಕೊಡುವ ದುಡ್ಡಿಗೆ ವಿನಾಯಿತಿ ಸಿಗುತ್ತದೆ. ಲಾರಿಯವನಿಗೆ ಈಗಲೇ ಹೇಳಿಟ್ಟಿದ್ದೇನೆ, ಬಿಲ್ ಬೇಕು ಅಂತ.