ಇಳಕಲ್ ಸೀರೆ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ: ಕಲರ್ಡ್ ಎಲ್ಲಿ, ಕಲರ್‌ಫುಲ್ ಎಲ್ಲಿ?

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಆನ್‌ಲೈನ್‌ನಲ್ಲಿ ಮಾರುವವರು ಒಂದು ಕಡೆ ಪದೇ ಪದೇ ಎಡವುತ್ತಾರೆ. ಫೋಟೋ ಚೆನ್ನಾಗಿರುತ್ತದೆ, ಕೆಳಗೆ ನೋಡಿದರೆ 'ಮರೂನ್ ಕಲರ್‌ಫುಲ್ ಸ್ಯಾರಿ' ಅಂತ ಇರುತ್ತದೆ. ಒಂದೇ ಬಣ್ಣದ ಹೆಸರು ಹೇಳಿದ ಮೇಲೆ ಕಲರ್‌ಫುಲ್ ಹೊಂದೋದಿಲ್ಲ.

ಕಲರ್‌ಫುಲ್ ಅಂದರೆ ಹಲವು ಬಣ್ಣ, ಅದೂ ಎದ್ದು ಕಾಣುವಂಥವು. ಖಣದ ಅಂಗಡಿಯಲ್ಲಿ ಗಿಳಿಹಸಿರು, ಕೆಂಪು, ನೀಲಿ, ಹಳದಿ ಪೀಸ್‌ಗಳನ್ನು ಒಂದರ ಮೇಲೊಂದು ಒಟ್ಟಿರುತ್ತಾರಲ್ವಾ, ಆ ರಾಶಿ ಕಲರ್‌ಫುಲ್.

ಕಲರ್ಡ್ ಬೇರೆ. ಒಂದೇ ನಿಂತರೆ ಬಿಳಿ, ಕಪ್ಪು ಬಿಟ್ಟು ಬೇರೆ ಬಣ್ಣದ್ದು ಅಂತ ಅರ್ಥ: ಕಲರ್ಡ್ ಥ್ರೆಡ್, ಕಲರ್ಡ್ ಪೇಪರ್. ಹೆಚ್ಚು ಬಳಕೆಗೆ ಬರೋದು ಮಾತ್ರ ಮುಂದೆ ಇನ್ನೊಂದು ಪದ ಸೇರಿದಾಗ. ವೈನ್-ಕಲರ್ಡ್, ಹನಿ-ಕಲರ್ಡ್ ಅನ್ನುವ ಹಾಗೆ, ಯಾವುದೋ ವಸ್ತುವಿನ ಹೆಸರು ಹಿಡಿದು ಬಣ್ಣ ಹೇಳುವಾಗ ಇದು ಬೇಕೇ ಬೇಕು, ನಡುವೆ ಹೈಫನ್ ಹಾಕಬೇಕು. ಬ್ರೈಟ್ಲಿ ಕಲರ್ಡ್ ಅಂತ ಬರೆದರೆ ಹೈಫನ್ ಬೇಡ. ರೆಡ್, ಗ್ರೀನ್‌ಗೆಲ್ಲ ಸುಮ್ನೆ ಕಲರ್ಡ್ ಅಂಟಿಸಬೇಡಿ, 'ರೆಡ್ ಸ್ಯಾರಿ' ಅಂದರೆ ಸಾಕು.

ಗೊಂದಲವಾದರೆ ಮುಂದೆ ವೆರಿ ಇಟ್ಟು ನೋಡಿ. ವೆರಿ ಕಲರ್‌ಫುಲ್, ಮೋರ್ ಕಲರ್‌ಫುಲ್ ಸರಿ. ವೆರಿ ಕಲರ್ಡ್ ಅಂತ ಯಾರೂ ಅನ್ನೋದಿಲ್ಲ. ದಾಳಿಂಬೆ ಬಣ್ಣದ ಸೀರೆಗೆ ನಾಲ್ಕೈದು ಬಣ್ಣದ ದಾರದಲ್ಲಿ ಕಸೂತಿ ಹಾಕಿದ್ದರೆ ಎರಡೂ ಪದ ಒಂದೇ ಸಾಲಿನಲ್ಲಿ ಬರುತ್ತವೆ: 'ಪೊಮೆಗ್ರನೇಟ್-ಕಲರ್ಡ್ ಸ್ಯಾರಿ ವಿತ್ ಕಲರ್‌ಫುಲ್ ಕಸೂತಿ'.

ಮನುಷ್ಯರ ವಿಷಯಕ್ಕೆ ಬಂದರೆ ಹುಷಾರು. ಜನರನ್ನು ಕಲರ್ಡ್ ಅನ್ನೋದು ಬ್ರಿಟನ್, ಅಮೆರಿಕದಲ್ಲಿ ಅವಮಾನದ ಮಾತು. ದಕ್ಷಿಣ ಆಫ್ರಿಕಾದಲ್ಲಿ ಅದು ಒಂದು ಸಮುದಾಯದ ಹೆಸರು, 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಜನರನ್ನು ವಿಂಗಡಿಸಿದಾಗಲೂ ಆ ಪದ ಬಳಸಿತ್ತು. ಇನ್ನು ಗಿರಾಕಿ 'ಕಲರ್‌ಫುಲ್ ಲ್ಯಾಂಗ್ವೇಜ್'ನಲ್ಲಿ ಮೆಸೇಜ್ ಹಾಕಿದ್ದಾರೆ ಅಂದರೆ ಖುಷಿಪಡಬೇಡಿ, ಚೆನ್ನಾಗಿ ಬೈದಿದ್ದಾರೆ ಅಂತ ಅರ್ಥ.

ಸ್ಪೆಲ್ಲಿಂಗ್: ನಮ್ಮಲ್ಲಿ ಬ್ರಿಟಿಷ್ ಪದ್ಧತಿ, ಅಂದರೆ ಓ ಆದ ಮೇಲೆ ಯು ಬರುತ್ತದೆ. ಅಮೆರಿಕದವರು ಆ ಯು ಬಿಡುತ್ತಾರೆ. ಯಾವುದಾದರೂ ಒಂದನ್ನು ಹಿಡಿದು ಎಲ್ಲ ಫೋಟೋಗಳ ಕೆಳಗೂ ಅದನ್ನೇ ಹಾಕಿ.