ಜಪಾನ್ ದ್ವೀಪಗಳ ಸುದ್ದಿಗೆ ಶೀರ್ಷಿಕೆ ಕೊಡುವ ಮುನ್ನ

ಹದಿನಾರು ವರ್ಷಗಳಿಂದ ಪತ್ರಿಕೆಯೊಂದರ ವಿದೇಶ ಪುಟ ಕಟ್ಟುತ್ತಿದ್ದೇನೆ. ರಾತ್ರಿ ಹತ್ತೂವರೆಯ ಮೇಲೆ ಜಪಾನಿನ ಸುದ್ದಿ ಬಂದರೆ ಈಗಲೂ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಒಮ್ಮೆ ‘ಜಪಾನ್ ಗಡಿಯೊಳಗೆ ನುಗ್ಗಿದ ಚೀನಾ ಹಡಗು’ ಎಂದು ನಾಲ್ಕು ಕಾಲಂ ಶೀರ್ಷಿಕೆ ಕೊಟ್ಟು ನೆಮ್ಮದಿಯಾಗಿ ಮನೆಗೆ ಹೋಗಿದ್ದೆ. ಹಡಗು ನುಗ್ಗಿರಲೇ ಇಲ್ಲ. ಅಂದಿನಿಂದ ಡೆಸ್ಕಿಗೆ ಹೊಸದಾಗಿ ಬರುವವರಿಗೆ ನಾನು ಹೇಳಿಕೊಡುವ ಕ್ರಮ ಇದು. ಪತ್ರಿಕೆ ಓದುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಹಡಗು ಎಲ್ಲಿತ್ತು ಎಂದು ನೋಡಿ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ನೀರು ಆ ದೇಶದ ಪ್ರಾದೇಶಿಕ ಸಮುದ್ರ. ಅದರಾಚೆ, ದಡದಿಂದ 24 ನಾಟಿಕಲ್ ಮೈಲಿಯವರೆಗಿನದು ಅದಕ್ಕೆ ಹೊಂದಿಕೊಂಡ ವಲಯ. ಪೂರ್ವ ಚೀನಾ ಸಮುದ್ರದ ಸೆಂಕಾಕು ದ್ವೀಪಗಳ ಬಳಿ ಚೀನಾದ ಕರಾವಳಿ ಕಾವಲು ಹಡಗುಗಳು ಈ ಎರಡನೆಯ ವಲಯದಲ್ಲಿ ಈಚೆಗೆ ವರ್ಷದ ಬಹುತೇಕ ದಿನ ಇರುತ್ತವೆ. ಅದು ಸುದ್ದಿಯೇ ಅಲ್ಲ. 12 ಮೈಲಿಯ ಒಳಗೆರೆ ದಾಟಿದರೆ ಮಾತ್ರ ಸುದ್ದಿ. ನಾನು ಎಡವಿದ್ದು ಈ ಎರಡು ಗೆರೆಗಳ ನಡುವೆ.

ಆಮೇಲೆ, ಯಾವ ದ್ವೀಪ ಯಾರ ಸ್ವಾಧೀನದಲ್ಲಿದೆ ಎಂದು ಕೇಳಿಕೊಳ್ಳಿ. ಜನವಸತಿಯಿಲ್ಲದ ಸೆಂಕಾಕು ಜಪಾನಿನ ಕೈಯಲ್ಲಿದೆ. ಚೀನಾ ಅದನ್ನು ದಿಯಾವೊಯು ಎಂದು ಕರೆದು ತನ್ನದೆನ್ನುತ್ತದೆ. 2012ರ ಸೆಪ್ಟೆಂಬರಿನಲ್ಲಿ ಜಪಾನ್ ಸರ್ಕಾರ ಅಲ್ಲಿನ ಮೂರು ದ್ವೀಪಗಳನ್ನು ಖಾಸಗಿ ಮಾಲೀಕರಿಂದ ಕೊಂಡಾಗ ಚೀನಾದ ನಗರಗಳಲ್ಲಿ ಜನ ಬೀದಿಗಿಳಿದರು. ಟೋಕಿಯೊ ಹೇಳುವುದು: ಇಲ್ಲಿ ವಿವಾದವೇ ಇಲ್ಲ. ಅದೇ ಟೋಕಿಯೊ ತಕೆಶಿಮಾ ವಿಷಯಕ್ಕೆ ಬಂದರೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣ ಎನ್ನುತ್ತದೆ. ದಕ್ಷಿಣ ಕೊರಿಯಾಕ್ಕೆ ಅದು ದೊಕ್ದೊ, ಕಾವಲಿಗಿರುವುದು ಅದರ ಪೊಲೀಸರು. ಹಾಗಾಗಿ ವಿವಾದವೇ ಇಲ್ಲ ಎನ್ನುವ ಸರದಿ ಅಲ್ಲಿ ಸೋಲ್‌ನದು. ಹೊಲ ಉಳುತ್ತಿರುವವನು ತಾನಾಗಿ ಕೋರ್ಟಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ಹೋಗುವವನು ಬದುವಿನಾಚೆ ನಿಂತವನು. ಜಪಾನ್ ತನ್ನವೆನ್ನುವ ಉತ್ತರದ ನಾಲ್ಕು ದ್ವೀಪಗಳನ್ನು 1945ರಲ್ಲಿ ಸೋವಿಯತ್ ಪಡೆಗಳು ಹಿಡಿದವು, ಈಗ ಅವು ರಷ್ಯಾದ ಕೈಯಲ್ಲಿವೆ. ಶಾಂತಿ ಒಪ್ಪಂದದ ಮಾತುಕತೆಯನ್ನು ರಷ್ಯಾ 2022ರ ಮಾರ್ಚ್‌ನಲ್ಲಿ ನಿಲ್ಲಿಸಿತು.

ಜಪಾನನ್ನು ಕಾಯುವ ಅಮೆರಿಕದ ಭರವಸೆ ಈ ಸ್ವಾಧೀನದ ಪ್ರಶ್ನೆಯ ಮೇಲೆಯೇ ನಿಂತಿದೆ. 1960ರ ಭದ್ರತಾ ಒಪ್ಪಂದದ 5ನೇ ವಿಧಿಯಲ್ಲಿರುವುದು ‘ಜಪಾನಿನ ಆಡಳಿತದಲ್ಲಿರುವ ಪ್ರದೇಶಗಳು’ ಎಂಬ ಮಾತು. ಜಪಾನಿಗೆ ಸೇರಿದ ಪ್ರದೇಶಗಳು ಎಂದಿಲ್ಲ. ಹಾಗಾಗಿ ಸೆಂಕಾಕು ಅದರೊಳಗೆ ಬರುತ್ತದೆ, ತಕೆಶಿಮಾ ಬರುವುದಿಲ್ಲ. 2014ರಲ್ಲಿ ಟೋಕಿಯೊಗೆ ಬಂದ ಒಬಾಮ ಇದನ್ನು ಬಾಯಿಬಿಟ್ಟು ಹೇಳಿದರು. ಸಾರ್ವಭೌಮತ್ವ ಯಾರದು ಎಂಬುದರಲ್ಲಿ ತಾವು ಪಕ್ಷ ವಹಿಸುವುದಿಲ್ಲ ಎಂದೂ ಸೇರಿಸಿದರು. ಅಧ್ಯಕ್ಷರು ಬದಲಾದಾಗಲೆಲ್ಲ ಸೆಂಕಾಕು ಒಪ್ಪಂದದೊಳಗೆ ಬರುತ್ತದೆ ಎಂಬ ಮಾತನ್ನು ಟೋಕಿಯೊ ಮತ್ತೆ ಹೇಳಿಸಲು ನೋಡುತ್ತದೆ. ‘ಸೆಂಕಾಕು ಜಪಾನಿನದೇ: ಅಮೆರಿಕ’ ಎಂದು ಶೀರ್ಷಿಕೆ ಕೊಟ್ಟಿರೋ, ಕೆಟ್ಟಿರಿ.

‘ಮಿತ್ರಕೂಟ’ ಎಂಬ ಪದವನ್ನು ಜಿಪುಣನಂತೆ ಬಳಸಿ. ಪರಸ್ಪರ ರಕ್ಷಣೆಯ ಒಪ್ಪಂದ ಜಪಾನಿಗಿರುವುದು ಅಮೆರಿಕದ ಜೊತೆ ಮಾತ್ರ. ಆಸ್ಟ್ರೇಲಿಯಾ, ಬ್ರಿಟನ್, ಫಿಲಿಪ್ಪೀನ್ಸ್ ಜೊತೆಗಿನವು ಸೈನಿಕರು ಪರಸ್ಪರರ ನೆಲಕ್ಕೆ ಬಂದುಹೋಗುವುದನ್ನು ಸುಲಭ ಮಾಡುವ ಒಪ್ಪಂದಗಳು. ಬ್ರಿಟನ್, ಇಟಲಿ ಜೊತೆ ಸೇರಿ ಕಟ್ಟುತ್ತಿರುವುದು 2035ರ ಹೊತ್ತಿಗೆ ಬರಬೇಕಾದ ಯುದ್ಧವಿಮಾನ. ಭಾರತದ ಜೊತೆ 2020ರಲ್ಲಿ ಆದದ್ದು ಇಂಧನ, ಆಹಾರ, ಬಿಡಿಭಾಗಗಳಂಥವನ್ನು ಪಡೆಗಳು ಪರಸ್ಪರ ಒದಗಿಸುವ ಒಪ್ಪಂದ. ‘ಜಪಾನ್ ನಮ್ಮ ಪರ ಯುದ್ಧಕ್ಕೆ’ ಎಂದು ಅದಕ್ಕೆ ಶೀರ್ಷಿಕೆ ಕೊಡಲು ಹೊರಟಿದ್ದ ಹುಡುಗನ ಕೈಯಿಂದ ನಾನೇ ಕೀಬೋರ್ಡ್ ಕಸಿದುಕೊಂಡಿದ್ದೆ.

‘ಸಂವಿಧಾನ ಬದಲಿಸಿದ ಜಪಾನ್’ ಎಂದಂತೂ ಬರೆಯಬೇಡಿ. ಯುದ್ಧವನ್ನು ತೊರೆಯುವ 9ನೇ ವಿಧಿ 1947ರಲ್ಲಿ ಜಾರಿಗೆ ಬಂದಾಗಿನಿಂದ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಅದರ ಅರ್ಥ. 2014ರಲ್ಲಿ ಆಗಿನ ಪ್ರಧಾನಿ ಶಿಂಜೊ ಅಬೆ ಅವರ ಸಂಪುಟ ಹೊಸ ವ್ಯಾಖ್ಯಾನ ಕೊಟ್ಟಿತು, ಮರುವರ್ಷ ಕಾನೂನು ಬಂತು. 2022ರ ಡಿಸೆಂಬರಿನಲ್ಲಿ ಶತ್ರುನೆಲೆಗಳ ಮೇಲೆ ಪ್ರತಿದಾಳಿ ನಡೆಸುವ ಸಾಮರ್ಥ್ಯಕ್ಕೂ, ಐದು ವರ್ಷಕ್ಕೆ ಸುಮಾರು 43 ಲಕ್ಷ ಕೋಟಿ ಯೆನ್ ರಕ್ಷಣಾ ವೆಚ್ಚಕ್ಕೂ ಒಪ್ಪಿಗೆ ಸಿಕ್ಕಿತು. ಪಡೆಯ ಹೆಸರು ಮಾತ್ರ ಇಂದಿಗೂ ಸ್ವರಕ್ಷಣಾ ಪಡೆ. ಜಾಗ ಉಳಿಸಲು ಅದನ್ನು ‘ಸೇನೆ’ ಎಂದು ಮೊಟಕು ಮಾಡುವುದನ್ನು ನಾನು ಒಪ್ಪುವುದಿಲ್ಲ.

ಕೊನೆಯದು ನಕಾಶೆ. ಈ ಚುಕ್ಕೆಗಳಿಗೆ ಯಾವ ಬಣ್ಣ ಎಂದು ಚಿತ್ರ ವಿಭಾಗದವರು ಪ್ರತಿ ಸಲ ಕೇಳುತ್ತಾರೆ. ಬಣ್ಣ ಬೇಡ, ಎರಡೂ ಹೆಸರು ಬರೆಯಿರಿ ಎನ್ನುತ್ತೇನೆ. ಎರಡು ಕಾಲಮ್ಮಿನಲ್ಲಿ ಅಷ್ಟು ಅಕ್ಷರ ಹಿಡಿಸುವುದಿಲ್ಲ ಎಂದು ಅವರು ಗೊಣಗುತ್ತಾರೆ. ಮೂರು ಕಾಲಂ ಮಾಡಿಸುತ್ತೇನೆ.